ಒಂಟಿ ಎತ್ತಿನ ಭಾವಚಿತ್ರ

ಇನ್ನು ಮುಂದೆ ನಿಸರ್ಗವೇ ನನ್ನ ಗುರು, ಪ್ರಾಣಿಗಳೇ ನನ್ನ ಬಂಧುಗಳು! ಹೀಗೆಂದು ೧೯೫೮ರ ಬೇಸಿಗೆ ರಜೆಯಲ್ಲಿ ನಾನು ಘೋಷಿಸಿದೆ. ಸೊರಬದ ಶಾಲೆಯಲ್ಲಿ ಹೂಜಿ, ಬಾಳೆಹಣ್ಣು, ಮತ್ತೆ ಹೂಜಿ ಬರೆಸಿ ಬರೆಸಿ ಈ ಡ್ರಾಯಿಂಗ್ ಮೇಷ್ಟ್ರ ಕೈ ಜಡ್ಡುಗಟ್ಟಿತ್ತು. ಹೆಂಡತಿ ರಾಜೇಶ್ವರಮ್ಮ ಮತ್ತು ಬಣ್ಣದ ಪೆಟ್ಟಿಗೆ ಸಮೇತ ಬಂದಳಿಕೆ ಹತ್ತಿರದ ಮಾವನ ಮನೆಗೆ ದಂಡೆತ್ತಿ ಹೋದೆ. ಬೆಳಗಾದರೆ ಕೆರೆಯ ಏರಿ, ಹೊಂಗೆ ನೆರಳು, ತಂಗಾಳಿ, ಆಹಾ! ಮೇಕೆ ಬರೆದೆ, ಮೇಕೆ ಬಂದು ಕಾಗದ ತಿಂದಿತು. ಕತ್ತೆ ಬರೆದೆ.

"ಯಾರಿದು, ನಿಮ್ಮ ಇನ್‌ಸ್ಪೆಕ್ಟರಾ?" ಎಂದಳು ರಾಜೇಶ್ವರಮ್ಮ.

"ಕಲೆಯ ವಿಷಯ ನಿನಗೇನು ಗೊತ್ತು?"

"ಗೊತ್ತಿಲ್ಲದೆ ಏನು? ನಿಮ್ಮ ಅಂಗಿ ಒಗೆಯೋಳು ನಾನೇ ಅಲ್ವೇನ್ರೀ!"

ಆಗ ಆ ಮನೆಗೊಂದು ದೊಡ್ಡ ಚಿಂತೆ ಹತ್ತಿತ್ತು. ನನ್ನ ಭಾವಮೈದುನ ಗೋಪಾಲಪ್ಪನ ಜೋಡೆತ್ತಿನಲ್ಲಿ ಒಂದು ಹಾವು ಕಚ್ಚಿ ಸತ್ತಿತ್ತು. ಉಳಿದ ಬಿಳಿ ಎತ್ತನ್ನು ಮಾರದೆ ಹೊಸ ಜೋಡಿ ತರುವಂತಿರಲಿಲ್ಲ. ಮಳೆ ಬಿದ್ದರೆ ನೇಗಿಲು ಕಟ್ಟುವುದು ಯಾವುದಕ್ಕೆ? ಚಂದ್ರಗುತ್ತಿಯ ಉಚ್ಚಂಗಪ್ಪನವರು ತಮ್ಮ ಒಂಟಿ ಎತ್ತಿಗೆ ಜೊತೆ ಹುಡುಕುತ್ತಿದ್ದರು. ಆದರೆ ಕಾಲಿಗೆ ಮುಳ್ಳು ನೆಟ್ಟು ಬಾತಿದೆ, ಸದ್ಯಕ್ಕೆ ಬರಲಾರೆ ಎಂದು ಹೇಳಿ ಕಳಿಸಿದ್ದರು.

"ಫೋಟೋ ನೋಡಿ ಹೆಣ್ಣನ್ನೇ ಒಪ್ಪುವ ಕಾಲವಯ್ಯ ಇದು! ಎತ್ತನ್ನು ಒಪ್ಪುವುದಿಲ್ಲವೆ? ನಾನು ಬರೆದು ಕಳಿಸುತ್ತೇನೆ," ಎಂದೆ.

"ಎತ್ತು ಎತ್ತಿನಂಗೇ ಇರ್ಲಿ ಭಾವ, ಹೂಜಿ ಹಂಗೆ ಬ್ಯಾಡ," ಎಂದು ಗೋಪಾಲಪ್ಪ ಶಿಕಾರಿಪುರದ ಸಂತೆಗೆ ಹೋದ.

ಎತ್ತನ್ನು ಹೊಂಗೆ ಮರಕ್ಕೆ ಕಟ್ಟಿ ಬರೆಯತೊಡಗಿದೆ. ಏನು ಕೊಂಬು, ಕೊರಳಡಿ ಏನು ಗಂಗೆದೊಗಲು! ಮುಗಿಯಿತು ಎನ್ನುವಾಗ ನೊಣವೊಂದು ಬಂದು ಚಿತ್ರದ ಹಸಿ ಬೆನ್ನಿಗೆ ಅಂಟಿಕೊಂಡಿತು. ಕುಂಚದ ತುದಿಯಿಂದ ಕಿತ್ತೆ. ಗುಂಡಗೆ ಗುರುತು ಉಳಿಯಿತು. ಸಾಮಾನ್ಯನಾಗಿದ್ದರೆ ಒರೆಸಿಬಿಡುತ್ತಿದ್ದ. ನಾನು ಕಲಾವಿದ! ಅದನ್ನೇ ಸುತ್ತಿಸಿ, ತಿರುಗಿಸಿ, ಕೂದಲಿನ ಒಂದು ಚೆಲುವಾದ ಸುರುಳಿ ಮಾಡಿದೆ. ಮಾರನೆಯ ದಿನ ಚಿತ್ರವನ್ನು ನಾನೇ ಸುತ್ತಿ ಕಟ್ಟಿ ಬಸ್ ಕಂಡಕ್ಟರನ ಕೈಗೆ ಕೊಟ್ಟು ಬಂದೆ.

ಎರಡೇ ದಿನ. ಬರಲಾರೆ ಎಂದಿದ್ದ ಉಚ್ಚಂಗಪ್ಪನವರು ಬಾತ ಕಾಲು ಎಳೆದುಕೊಂಡು ಅಂಗಳದಲ್ಲಿ ನಿಂತಿದ್ದರು! ಕಂಕುಳಲ್ಲಿ ನನ್ನ ಚಿತ್ರ.

"ಯಾರು ಮಾರಾಯ್ರೇ ನನ್ನ ಸಾವು ಬಯಸಿದ್ದು?"

ಗೋಪಾಲಪ್ಪ ಚಿತ್ರ ಬಿಚ್ಚಿ ಎತ್ತಿನ ಬೆನ್ನಿಗೆ ಬೆರಳಿಟ್ಟ. "ಭಾವ! ಬೆನ್ನ ಮ್ಯಾಲೆ ಸುಳಿ ಯಾಕ್ ಬರೆದ್ರಿ?"

ಆಗ ನನಗೆ ತಿಳಿಯಿತು. ಎತ್ತು ಕೊಳ್ಳುವವರು ಹಲ್ಲು ನೋಡುವ ಮೊದಲು ಕೂದಲಿನ ಸುಳಿ ನೋಡುತ್ತಾರಂತೆ. ಬೆನ್ನ ನಡುವೆ ಸುಳಿಯಿದ್ದರೆ ಅಂಥ ಎತ್ತನ್ನು ಕಟ್ಟಿದ ಯಜಮಾನ ವರ್ಷ ತುಂಬುವತನಕ ಬದುಕುವುದಿಲ್ಲವಂತೆ!

"ಅದು ಸುಳಿಯಲ್ಲ, ನೊಣ!" ಎಂದು ಕೂಗಿದೆ.

"ಹೌದಾ? ಇಲ್ಲಿಗೆ ಬರುವಾಗ ಸೊರಬದ ಬಸ್ ಸ್ಟ್ಯಾಂಡಲ್ಲಿ ಇದನ್ನ ಬಿಚ್ಚಿ ತೋರಿಸಿದೆ. ಸುತ್ತ ನಿಂತವರೆಲ್ಲ ಸುಳಿ ಅಂದ್ರು. ನೊಣ ಅಂದವರು ಒಬ್ರೂ ಇಲ್ಲ!"

ಅಂದರೆ ಎರಡು ತಾಲ್ಲೂಕಿಗೂ ಡಂಗುರವಾಗಿತ್ತು. ಗೋಪಾಲಪ್ಪ ಓಡಿಹೋಗಿ ಎತ್ತನ್ನೇ ಎಳೆದು ತಂದ. "ನೋಡ್ರಿ, ಕೈಯಾಡಿಸಿ ನೋಡ್ರಿ! ಎಲ್ಲೈತಿ ಸುಳಿ?"

ಉಚ್ಚಂಗಪ್ಪನವರು ಬೆನ್ನು ಸವರಿದರು, ಮೂಸಿದರು. ಆಮೇಲೆ ನನ್ನನ್ನು ದಿಟ್ಟಿಸಿದರು. "ಇಲ್ಲದ ಸುಳಿ ಬರೆಯೋ ಕೈ, ಇರೋ ಸುಳಿಗೆ ಬಣ್ಣ ಬಳಿದು ಮುಚ್ಚೋದಿಲ್ಲ ಅಂತ ಏನು ಗ್ಯಾರಂಟಿ?"

ನನ್ನ ಕಲಾಜೀವನದಲ್ಲಿ ಯಾರೂ ನನ್ನ ಕೈಚಳಕವನ್ನು ಇಷ್ಟು ನಂಬಿರಲಿಲ್ಲ! ಹಿಗ್ಗಲು ಪುರುಸೊತ್ತು ಎಲ್ಲಿ? ರಾಜೇಶ್ವರಮ್ಮ ಕೊಡಪಾನ, ಸೀಗೆಪುಡಿ, ಹುಲ್ಲಿನ ಸಿಂಬೆ ತಂದು ನನ್ನ ಮುಂದಿಟ್ಟಳು. "ಉಜ್ಜಿ."

ಉಜ್ಜಿದೆ. ಸೀಮೆಎಣ್ಣೆ ಹಾಕಿ ಎಂದರು, ಹಾಕಿ ಉಜ್ಜಿದೆ. ಎತ್ತು ಒಮ್ಮೆ ಒದೆಯಿತು, ಬಾಲದಿಂದ ಕೆನ್ನೆಗೆ ಬಾರಿಸಿತು. ನೀರಿಳಿದರೂ ಬಣ್ಣವಿಳಿಯಲಿಲ್ಲ. ಕೊನೆಗೆ ಉಚ್ಚಂಗಪ್ಪನವರು ನಕ್ಕು, ಟವಲಿನ ಕೆಳಗೆ ಗೋಪಾಲಪ್ಪನ ಕೈ ಹಿಡಿದು ಬೆರಳಲ್ಲೇ ವ್ಯಾಪಾರ ಮುಗಿಸಿದರು. ಅಬ್ಬ!

"ಎತ್ತು ಲಾಯಕ್ಕುಂಟು. ಚಿತ್ರ ಮಾತ್ರ ಮೇಷ್ಟ್ರಿಗೇ ಇರಲಿ," ಎಂದು ಅದನ್ನು ನನ್ನ ಒದ್ದೆ ಕೈಗೆ ಕೊಟ್ಟರು.

ಎತ್ತು ಹೊಡೆದುಕೊಂಡು ಗೋಪಾಲಪ್ಪನೂ ಅವರ ಜೊತೆ ಹೊರಟ. ನಾನು ಚಿತ್ರ ಹಿಡಿದು ಒಳಗೆ ಕಾಲಿಡಬೇಕು, ರಾಜೇಶ್ವರಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

"ಅದು ಒಳಗೆ ಬೇಡ."

"ನೊಣ ಕಣೇ ಅದು!"

"ಆ ಎತ್ತಿಗೆ ಯಜಮಾನ ಯಾರು?"

"ಬರೆದವನು ನಾನು. ಇನ್ಯಾರು, ನಾನೇ."

"ಅದಕ್ಕೇ ಬೇಡ ಅಂದದ್ದು," ಎಂದು ಮುಖ ತಿರುಗಿಸಿದಳು. ದನಿ ಯಾಕೋ ತೇವವಾಗಿತ್ತು. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಚಿತ್ರಕ್ಕೆ ಅವಳು ಹೆದರಿದ್ದು ಅದೇ ಮೊದಲು! ನನ್ನ ಎದೆ ಉಬ್ಬಿತು.

"ಒಪ್ಪಿದೆಯಲ್ಲ, ನನ್ನ ಎತ್ತಿಗೆ ಜೀವವಿದೆ ಅಂತ!"

ಅವಳು ಒಳಗೆ ಹೋದಳು. ಒಲೆಯ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತಂದು, ಚಿಂದಿ ಅದ್ದಿ, ಸುಳಿಯ ಮೇಲೆ ಬಳಿದಳು. ಒಂದು ಕಡೆ ಮಾತ್ರ ಬಳಿದರೆ ಚೆಂದವಿಲ್ಲವೆಂದು ಬಾಲದಿಂದ ಮೂತಿಯವರೆಗೂ ಬಳಿದಳು. ಕೊಂಬನ್ನೂ ಬಿಡಲಿಲ್ಲ. "ಈಗ ತನ್ನಿ ಒಳಗೆ," ಎಂದು ತಾನೇ ನಡುಮನೆಯಲ್ಲಿ ಮೊಳೆಗೆ ತೂಗುಹಾಕಿದಳು.

ಮರುದಿನ ಸಂಜೆ ಚಂದ್ರಗುತ್ತಿಯಿಂದ ಬಂದ ಗೋಪಾಲಪ್ಪ ಬಾಗಿಲಲ್ಲೇ ನಿಂತು ಬಾಯಿ ತೆರೆದ.

"ಭಾವ! ಇದು ಯಾವಾಗ ಬರೆದ್ರಿ? ಇದು ನೋಡ್ರಿ ಕೈಚಳಕ ಅಂದ್ರೆ! ಆ ಎತ್ತು ಬಿಡ್ರಿ, ಈ ಎಮ್ಮೆ ಎದ್ದು ಬರ್ತೈತಿ! ಎಷ್ಟು ಹಾಲು ಕರೀತದ್ರೀ?"

ನಾನು ಬಾಯಿ ತೆರೆಯುವ ಮೊದಲೇ ಚಿತ್ರಗಾರ್ತಿ ಒಳಗಿನಿಂದ ಉತ್ತರಿಸಿದಳು: "ಇನ್ನೂ ಕರು ಬರೆದಿಲ್ಲ ಕಣೋ!"