ಮುಂಡಸೇನನ ಪ್ರಾಣ, ಜಲಜಕ್ಕನ ಪಥ್ಯ

"ನನ್ನ ಕೈಗೆ ಬಂದ ರೋಗಿ ಇಷ್ಟರ ತನಕ ಒಬ್ಬನೂ ಸತ್ತದ್ದಿಲ್ಲ. ಇನ್ನು ಸಾಯುವುದೂ ಇಲ್ಲ!"

ಗುರುವಾಯನಕೆರೆಯ ಜಲಜಾಕ್ಷಿ, ಅಂದರೆ ಊರಿಗೆಲ್ಲ ಜಲಜಕ್ಕ, ಭಾನುವಾರ ಮಧ್ಯಾಹ್ನ ಊಟದ ಮೇಜಿಗೆ ಎರಡೂ ಮೊಣಕೈ ಊರಿ ಹೀಗೊಂದು ಘೋಷಣೆ ಹೊರಡಿಸಿದರು. ಹಾಗಂತ ಅವರೇನು ಡಾಕ್ಟ್ರಲ್ಲ, ನರ್ಸೂ ಅಲ್ಲ. ಅವರ ರೋಗಿಗಳೆಂದರೆ ಗಂಡ ಮುಂಡಪ್ಪ, ಮಗಳು ತೃಪ್ತಿ, ಆಗೊಮ್ಮೆ ಈಗೊಮ್ಮೆ ಸಿಲಿಂಡರ್ ತರುವವ. ಸೀನಿದವರಿಗೆ ಕಷಾಯ, ಕೆಮ್ಮಿದವರಿಗೆ ಪಥ್ಯ. ಮದ್ದು ಒಂದು ದಿನ ಮುಗಿದೀತು, ಪಥ್ಯಕ್ಕೆ ಮಾತ್ರ ಮುಗಿಯುವ ಅಭ್ಯಾಸವೇ ಇಲ್ಲ!

ಮೇಜಿನ ಸುತ್ತ ನಡೆಯುತ್ತಿದ್ದದ್ದು ಬಾಯಿಯಲ್ಲೇ ಆಡುವ ಒಂದು ಆಟ. ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುವ ತೃಪ್ತಿ ಭಾನುವಾರ ಮನೆಗೆ ಬಂದಾಗ ಆಡಿಸುವುದು. ಅವಳು ಕಾಡು, ಗುಹೆ, ರಾಕ್ಷಸ ಎಂದು ಕಥೆ ಹೇಳುತ್ತಾಳೆ. ಉಳಿದವರು ಒಂದೊಂದು ಪಾತ್ರವಾಗಿ "ನಾನು ಹೀಗೆ ಮಾಡ್ತೇನೆ" ಅನ್ನಬೇಕು. ಅದು ಆಗುತ್ತದೋ ಇಲ್ಲವೋ ಎಂದು ತೀರ್ಪು ಕೊಡುವುದು ಇಪ್ಪತ್ತು ಮುಖದ ಒಂದು ದಾಳ. ದೊಡ್ಡ ಅಂಕೆ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಇಲ್ಲ. ಅವಳ ಗೆಳೆಯರಲ್ಲಿ ಮೊಬೈಲ್ ಅಂಗಡಿಯ ಉನೈಸ್ ಬಿಲ್ಲುಗಾರ. ಅಳದಂಗಡಿಯ ಶೋಧನ್ ಕಳ್ಳ, ಆಟದಲ್ಲಿ ಮಾತ್ರ. ಒಂದು ದಿನ ಚಾ ಕುಡಿಯಲಿಕ್ಕೆಂದು ಬಂದು ಕೂತ ಮುಂಡಪ್ಪಣ್ಣ ಈಗ ಮುಂಡಸೇನನೆಂಬ ಮಹಾಯೋಧ! ಗಾಯಾಳುಗಳನ್ನು ಮಂತ್ರ ಹಾಕಿ ಗುಣಪಡಿಸುವ ವೈದ್ಯೆಯಾಗಿದ್ದ ಸಾತ್ವಿಕಾ ಮದುವೆಯಾಗಿ ಕುವೈತಿಗೆ ಹೋದ ಮೇಲೆ ಅವಳ ಕುರ್ಚಿ ಖಾಲಿ ಬಿದ್ದಿತ್ತು. ಅಡುಗೆಮನೆಯಿಂದ ಕಿವಿ ಕೊಟ್ಟು ಕೊಟ್ಟು, ಕೊನೆಗೆ ಕುತೂಹಲ ತಡೆಯಲಾಗದೆ ಜಲಜಕ್ಕ ಇವತ್ತು ಬಂದು ಅದರಲ್ಲಿ ಕೂತೇ ಬಿಟ್ಟರು.

"ಈ ಆಟದಲ್ಲಿ ಒಬ್ಬ ಸತ್ತರೆ ಎಂತ ಮಾಡ್ತೀ?" ಮುಂಡಪ್ಪಣ್ಣ ಕಣ್ಣು ಸಣ್ಣ ಮಾಡಿ ಕೇಳಿದರು.

"ಸತ್ತರೆ ಇನ್ನು ಈ ಮನೆಯಲ್ಲಿ ನಾನು ಪಥ್ಯ ಎಂಬ ಶಬ್ದವೇ ಎತ್ತುವುದಿಲ್ಲ!"

"ಬಂಗುಡೆ ಮೀನಿಗೂ?"

"ಬಂಗುಡೆಗೂ!"

ಮುಂಡಪ್ಪಣ್ಣನ ಮುಖದಲ್ಲಿ ದೀಪ ಹತ್ತಿತು. ಕಾಲಿನ ಹೆಬ್ಬೆರಳಿಗೆ ಗಾಯವಾದಾಗ ಬಂಗುಡೆ ನಂಜು ಎಂದು ನಿಂತದ್ದು. ಗಾಯ ಒಣಗಿತು, ಹೊಸ ಉಗುರೂ ಬಂತು, ಬಂಗುಡೆ ಮಾತ್ರ ಬರಲಿಲ್ಲ. ಇವತ್ತು ಬೆಳಿಗ್ಗೆ ಸ್ಕೂಟರಿನ ಮೀನಿನವನಿಂದ ತೆಗೊಂಡ ತಾಜಾ ಬಂಗುಡೆ ಆಟಕ್ಕೆ ಬಂದ ಮಕ್ಕಳ ರಾತ್ರಿ ಊಟಕ್ಕೆ. ಮುಂಡಪ್ಪಣ್ಣನಿಗೆ ಹೆಸರುಬೇಳೆ ತೊವ್ವೆ! ಸತ್ತರೆ ಲಾಭ ಎಂದು ಲೆಕ್ಕ ಹಾಕಿದ ರೋಗಿಯನ್ನು ಯಾವ ವೈದ್ಯರೂ ಇಷ್ಟರ ತನಕ ಕಂಡಿರಲಿಕ್ಕಿಲ್ಲ. ಪಾಪ, ಜಲಜಕ್ಕನಿಗೆ ಅದು ಹೊಳೆಯಲೇ ಇಲ್ಲ.

ಆಟ ಸುರುವಾಯಿತು.

"ಉನೈಸನಿಗೆ ದೊಡ್ಡ ಜೇಡ ಕಚ್ಚಿತು," ತೃಪ್ತಿ ಹೇಳಿದಳು. "ಅಮ್ಮಾ, ಗುಣಪಡಿಸ್ತೇನೆ ಅಂತ ಹೇಳಿ ದಾಳ ಹಾಕು."

"ನಿಲ್ಲು ಮಾರಾಯ್ತಿ, ಅವಸರ ಬೇಡ. ಎಂಥ ಜೇಡ? ಕಚ್ಚಿದಲ್ಲಿ ಊದಿದೆಯಾ? ಉನೈಸ್, ನೀನು ಮಧ್ಯಾಹ್ನ ಎಂತ ತಿಂದದ್ದು?"

"ಆಟದಲ್ಲಾ ಆಂಟಿ, ನಿಜದಲ್ಲಾ?"

"ಹೊಟ್ಟೆ ಎರಡು ಉಂಟಾ ನಿನಗೆ?"

"ಬಿರಿಯಾನಿ..."

"ಮತ್ತೆ ಜೇಡ ಕಚ್ಚದೆ ಇರ್ತದಾ! ನಾಲಗೆ ತೋರಿಸು. ಇನ್ನು ಕೋಳಿ ಇಲ್ಲ, ಬದನೆ ಇಲ್ಲ. ಒಪ್ಪಿದರೆ ಮಾತ್ರ ಮಂತ್ರ!"

ಉನೈಸ್ ಒಪ್ಪಿದ. ದಾಳ ಹದಿನೇಳು ತೋರಿಸಿತು, ವಿಷ ಇಳಿಯಿತು. ಜಲಜಕ್ಕ ಸೆರಗು ಬಿಗಿದು ಕೂತರು. ಇಷ್ಟು ಚಂದದ ಆಟ ಇಷ್ಟು ದಿನ ತನ್ನದೇ ಮನೆಯಲ್ಲಿ ನಡೆಯುತ್ತಿದ್ದರೂ ತಾನು ಅಡುಗೆಮನೆಯಲ್ಲೇ ಉಳಿದುಬಿಟ್ಟೆನಲ್ಲ ಎಂದು ಅವರಿಗೆ ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಮುಂಡಸೇನ ಎದ್ದ. "ನಾನು ಕವಚ ಕಳಚಿ ಬದಿಗಿಡ್ತೇನೆ."

"ಜೇಡ ಎದುರಿಗೇ ಉಂಟು ಅಪ್ಪಾ!"

"ಇರಲಿ. ಸೆಕೆ!"

ಜೇಡ ಕಚ್ಚಿತು. ಜಲಜಕ್ಕ ಗುಣಪಡಿಸಿದರು. ಮುಂಡಸೇನ ವಿಷದ ಕೊಳದ ನೀರು ಬೊಗಸೆ ತುಂಬ ಕುಡಿದ. ಜಲಜಕ್ಕ ಗುಣಪಡಿಸಿದರು. ಮಲಗಿದ್ದ ರಾಕ್ಷಸನನ್ನು ತಟ್ಟಿ ಎಬ್ಬಿಸಿ "ನಿನ್ನ ಅಪ್ಪ ಯಾರು?" ಎಂದು ಕೇಳಿದ. ರಾಕ್ಷಸ ಉತ್ತರವನ್ನು ಗದೆಯಲ್ಲಿ ಕೊಟ್ಟ. ಜಲಜಕ್ಕ ಬೈಯುತ್ತಾ ಗುಣಪಡಿಸಿದರು.

"ಅಮ್ಮಾ, ದಿನಕ್ಕೆ ಇಷ್ಟೇ ಮಂತ್ರ ಅಂತ ಉಂಟು. ಎಲ್ಲ ಅಪ್ಪನಿಗೇ ಮುಗೀತಾ ಬಂತು," ತೃಪ್ತಿ ಎಚ್ಚರಿಸಿದಳು.

"ಇವರಿಗೆ ಎಂತಾಗಿದೆ ಇವತ್ತು?" ಜಲಜಕ್ಕ ಗಂಡನನ್ನು ದಿಟ್ಟಿಸಿದರು. ಮುಂಡಪ್ಪಣ್ಣ ಅಡುಗೆಮನೆಯ ಕಡೆಗೆ ಮುಖ ಮಾಡಿ ಮೂಗರಳಿಸಿ ಬಂಗುಡೆಯ ಪರಿಮಳ ಎಳೆದುಕೊಳ್ಳುತ್ತಿದ್ದರು. ಜಲಜಕ್ಕನಿಗೆ ಈಗ ತಲೆಗೆ ಹೋಯಿತು! ಓಹೋ, ಹೀಗಾ ವಿಷಯ!

ಗುಹೆಯ ಕೊನೆಯಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಕೂತಿತ್ತು. ಮುಂಡಸೇನ ಕತ್ತಿ ಬಿಸಾಡಿ, ಮದುಮಗನ ಹಾಗೆ ಎದೆಯುಬ್ಬಿಸಿ ಅದರ ಬಾಯಿಯ ಮುಂದೆ ನಿಂತ. "ಉಗುಳು!"

"ತೃಪ್ತೀ, ಆ ಪ್ರಾಣಿಗೆ ಬಾಯಿಯಿಂದ ಬೆಂಕಿ ಬರುವುದು ಯಾವಾಗಿನಿಂದ?" ಜಲಜಕ್ಕ ಕೇಳಿದರು.

"ಹುಟ್ಟಿದಲ್ಲಿಂದ ಅಮ್ಮಾ. ಡ್ರ್ಯಾಗನ್ ಅಲ್ವಾ?"

"ಖಾಲಿ ಹೊಟ್ಟೆಯಲ್ಲಾ, ತಿಂದ ಮೇಲಾ?"

"ಅದು... ಖಾಲಿ ಹೊಟ್ಟೆಯಲ್ಲಿ ಜಾಸ್ತಿ ಇರಬಹುದು."

"ಪಿತ್ತ! ಶುದ್ಧ ಪಿತ್ತ! ಒಂದು ಚೆಂಬು ತಂಪು ಪುನರ್ಪುಳಿ ಸಾರು ಕುಡಿಸ್ತೇನೆ."

ದಾಳ ಹತ್ತೊಂಬತ್ತು! ಡ್ರ್ಯಾಗನ್ ಗಟಗಟ ಕುಡಿದು, ಗುಹೆ ನಡುಗುವ ಹಾಗೆ ತೇಗಿ, ಜಲಜಕ್ಕನ ಕಾಲಬುಡದಲ್ಲಿ ಮಲಗಿತು. ಶೋಧನ್ ಚಪ್ಪಾಳೆ ಹೊಡೆದ. ಮುಂಡಪ್ಪಣ್ಣನಿಗೆ ಮಾತ್ರ ಅಳುವೇ ಬಂತು.

"ಇಲ್ಲಿ ಪ್ರಪಾತ ಉಂಟಾ?" ಅವರು ಕೇಳಿದರು.

"ಉಂಟು. ಚಾರ್ಮಾಡಿ ಘಾಟಿಯದ್ದಕ್ಕಿಂತಲೂ ಆಳ."

"ಹಾರ್ತೇನೆ."

ಹಾರಿಯೇ ಬಿಟ್ಟರು! ಯಾರಿಗೂ ಹಿಡಿಯಲಿಕ್ಕೆ ಪುರುಸೊತ್ತಾಗಲಿಲ್ಲ. ಹಗ್ಗ ಕಟ್ಟಿ ಎಲ್ಲರೂ ಇಳಿದು ನೋಡುವಾಗ ಮುಂಡಸೇನ ಬಂಡೆಯ ಮೇಲೆ ಅಂಗಾತ ಬಿದ್ದಿದ್ದ.

"ಉಸಿರು ನಿಲ್ತಾ ಉಂಟು," ತೃಪ್ತಿಯ ದನಿ ಇಳಿಯಿತು. "ಅಮ್ಮಾ, ನಿನ್ನ ಹತ್ರ ಉಳಿದದ್ದು ಒಂದೇ ಮಂತ್ರ. ಹೋಗುವ ಜೀವವನ್ನು ವಾಪಸ್ ಕರೆಯುವುದು. ಆದರೆ ಆ ಜೀವ ಬರ್ತೇನೆ ಅಂತ ಒಪ್ಪಬೇಕು. ಅಪ್ಪಾ, ಒಪ್ತೀರಾ?"

"ಇಲ್ಲ." ಮುಂಡಪ್ಪಣ್ಣ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಎದೆಯ ಮೇಲೆ ಕೈ ಜೋಡಿಸಿಕೊಂಡಿದ್ದರು. "ನಾನು ಸುಖವಾಗಿ ಹೋಗ್ತಾ ಇದ್ದೇನೆ. ಯಾರೂ ಅಳಬೇಡಿ."

ಆಟವೇ ಇರಲಿ, ಗಂಡ ಹೀಗೆ ಕಣ್ಣು ಮುಚ್ಚಿ ಕೂತದ್ದು ಜಲಜಕ್ಕನಿಗೆ ಒಂಚೂರೂ ಸರಿ ಕಾಣಲಿಲ್ಲ. ಪಂಥ ಮರೆತೇ ಹೋಯಿತು. ಬೇಸರವೇ ಆಯಿತು.

"ಅಷ್ಟು ಕಷ್ಟವಾ ನಿಮಗೆ ನನ್ನ ಪಥ್ಯ?"

"ಹೆಸರುಬೇಳೆ ತಿಂದುಕೊಂಡು ನೂರು ವರ್ಷ ಬದುಕಿ ಎಂತ ಮಾಡಲಿಕ್ಕುಂಟು, ನೀನೇ ಹೇಳು."

ಜಲಜಕ್ಕ ಉನೈಸನನ್ನು ನೋಡಿದರು, ಶೋಧನನನ್ನು ನೋಡಿದರು, ಕೊನೆಗೆ ಗಂಡನ ಹೆಬ್ಬೆರಳಿನ ಆ ಹೊಸ ಉಗುರನ್ನೂ ನೋಡಿದರು. "ಒಂದು ಬಂಗುಡೆ ಕೊಡ್ತೇನೆ. ಏಳಿ."

ಒಂದು ಕಣ್ಣು ಕಾಲುಭಾಗ ತೆರೆಯಿತು. "ಹುರಿದದ್ದಾ, ಹುಳಿಖಾರದ ಪುಳಿಮುಂಚಿಯಾ?"

"ಪುಳಿಮುಂಚಿ."

"ತಲೆ?"

"ತಲೆ ಸಮೇತ!"

"ಯಾವಾಗ?"

"ಇವತ್ತೇ! ಸಾಯುವಾಗ ಎಷ್ಟು ಪ್ರಶ್ನೆ ಮಾರಾಯ್ರೆ ನಿಮ್ಮದು!"

"ಅಪ್ಪಾ, ಒಂದೇ ಉಸಿರು ಬಾಕಿ!" ತೃಪ್ತಿ ಕೂಗಿದಳು.

"ಎರಡು ಬಂಗುಡೆ."

"ಆಯ್ತು, ಎರಡು!"

"ಒಪ್ಪಿದೆ!"

ಆ ಒಂದು ಉಸಿರು ಬಿಟ್ಟುಬಿಟ್ಟಿದ್ದರೆ ಮುಂಡಪ್ಪಣ್ಣನಿಗೆ ಜೀವಮಾನವಿಡೀ ಬಂಗುಡೆ ಸಿಗ್ತಿತ್ತು. ಆದರೆ ಪುಳಿಮುಂಚಿ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಅಷ್ಟು ದೂರದ ಲೆಕ್ಕ ಯಾರಿಗೆ ಬರುತ್ತದೆ!

ಜಲಜಕ್ಕ ಕಣ್ಣು ಮುಚ್ಚಿ ದಾಳ ಬಿಟ್ಟರು. ಅದು ಉಪ್ಪಿನಕಾಯಿ ಭರಣಿಗೆ ಬಡಿದು, ತಿರುಗಿ, ನಿಂತಿತು. ಇಪ್ಪತ್ತು! ಮುಂಡಸೇನ ಮೈ ಕೊಡವಿ ಎದ್ದು ಕೂತ.

"ನೋಡಿದಿರಾ!" ಜಲಜಕ್ಕ ಎದ್ದೇ ನಿಂತರು. "ಸತ್ತನಾ ಒಬ್ಬನಾದರೂ? ಇದು ನನ್ನ ಕೈಗುಣ!"

ಧೊಪ್ಪನೆ ಸದ್ದಾಯಿತು. ಉನೈಸ್ ಮೇಜಿಗೆ ತಲೆಯಿಟ್ಟು ಮಲಗಿದ್ದ. "ಆಂಟೀ, ಜೇಡದ ವಿಷ ಪುನಃ ಏರ್ತಾ ಉಂಟು. ನೀರುದೋಸೆ ಸಿಕ್ಕಿದರೆ ಉಳಿದೇನು."

ಶೋಧನ್ ಕುರ್ಚಿಯಿಂದ ಮೆಲ್ಲ ಜಾರಿದ. "ನನಗೂ ಕಣ್ಣು ಕತ್ತಲೆ ಬರ್ತದೆ. ಕೋರಿ ರೊಟ್ಟಿ..."

"ಕಥೆ ಹೇಳುವವಳಿಗೂ ತಲೆ ತಿರುಗ್ತದೆ ಅಮ್ಮಾ. ಒಂದು ಪಾಯಸ," ಎಂದು ತೃಪ್ತಿಯೂ ಮಲಗಿದಳು.

ಮಹಾವೈದ್ಯೆ ಸೊಂಟಕ್ಕೆ ಕೈಯಿಟ್ಟು ತನ್ನ ರೋಗಿಗಳನ್ನು ಒಮ್ಮೆ ನೋಡಿದರು. "ಆಗಲಿ, ಎಲ್ಲ ಮಾಡುವ. ತೆಂಗಿನಕಾಯಿ ಹೆರೆದು ಕೊಡುವವರು ಯಾರು?"

ಒಬ್ಬರೂ ಅಲ್ಲಾಡಲಿಲ್ಲ. ಈಗಷ್ಟೇ ಸಾವಿನಿಂದ ಎದ್ದು ಬಂದಿದ್ದ ಮುಂಡಸೇನ ಅತ್ತಿತ್ತ ನೋಡಿ, ಎದೆಯ ಮೇಲೆ ಕೈ ಜೋಡಿಸಿ, ಇನ್ನೊಮ್ಮೆ ಸತ್ತ.