ಸಿಗ್ನಲ್ ಇಲ್ಲದ ಕಡೆ ನನ್ನ ಶಿಸ್ತು

ಬೆಳಿಗ್ಗೆ ಷೇರು ಕೊಂಡು ಮಧ್ಯಾಹ್ನದೊಳಗೆ ಮಾರುವ ನನ್ನಂಥವರು ಯಾಕೆ ದುಡ್ಡು ಕಳೆದುಕೊಳ್ಳುತ್ತಾರೆ ಎಂದು ಕೇಳಿದರೆ, ನೆನಪಿನ ದೋಷದಿಂದ ಎನ್ನುತ್ತೇನೆ. ಗೆದ್ದ ದಿನ ಯಾವ ಅಂಗಿ ತೊಟ್ಟಿದ್ದೆ ಎಂಬುದೂ ನನಗೆ ನೆನಪಿದೆ. ಸೋತ ದಿನಗಳು ಮಾತ್ರ ಬೇರೆ ಯಾರದೋ ಬದುಕಿನಲ್ಲಿ ನಡೆದಂತಿವೆ. ಆದ್ದರಿಂದ ಈಗ ಹೇಳುವುದನ್ನೂ ಪೂರ್ತಿ ನಂಬಬೇಡಿ. ಅದು ನಡೆದದ್ದು ಮಂಗಳವಾರ ಎಂದು ನಾನು, ಗುರುವಾರ ಎಂದು ಹೆಂಡತಿ ಸುಜಾತ. ಇಬ್ಬರೂ ಸೇರಿ ಬುಧವಾರಕ್ಕೆ ಒಪ್ಪಿಕೊಂಡರೂ ಆಗುತ್ತಿತ್ತು.

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಆ ಸಲ ಮಾರುಕಟ್ಟೆಗೆ ಶೇಂಗಾ ಚೀಲಗಳು ಕಡಿಮೆ ಬಂದವು. ಚೀಲ ಕಡಿಮೆಯಾದರೆ ಎಣ್ಣೆ ತುಟ್ಟಿ, ಎಣ್ಣೆ ತುಟ್ಟಿಯಾದರೆ ಎಣ್ಣೆ ಕಂಪನಿಯ ಷೇರು ಏರಲೇಬೇಕು; ಮುಂಬೈಯಲ್ಲಿ ಕೂತವರಿಗೆ ನಮ್ಮೂರಿನ ಚೀಲದ ಸುದ್ದಿ ಹೇಗೆ ಗೊತ್ತಾಗಬೇಕು ಎಂದು ಬೀಗುತ್ತ ಕೊಂಡೆ. ಆ ಕಂಪನಿ ಶೇಂಗಾವನ್ನು ಮುಟ್ಟುವುದೇ ಇಲ್ಲ, ಹೊರದೇಶದ ತಾಳೆಎಣ್ಣೆ ತರಿಸಿ ಮಾರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಬೆಲೆ ಇಷ್ಟಕ್ಕಿಳಿದರೆ ತಾನಾಗಿ ಮಾರಿಬಿಡು ಎಂದು ಫೋನಿನಿಂದ ದಲ್ಲಾಳಿ ಕಂಪನಿಗೆ ಮೊದಲೇ ಹೇಳಿಡುವ ಸ್ಟಾಪ್‌ಲಾಸ್ ಎಂಬ ಮಿತಿಯೊಂದಿದೆ. ಅದನ್ನು ದಿನವೂ ಹಾಕುತ್ತಿದ್ದೆ. ಬೆಲೆ ಹತ್ತಿರ ಬಂದಾಗಲೆಲ್ಲ, ಕುರಿ ಬಂತೆಂದು ಬೇಲಿಯನ್ನೇ ಕಿತ್ತು ಹಿಂದಕ್ಕೆ ನೆಡುವವನಂತೆ, ಮಿತಿಯನ್ನು ಇನ್ನಷ್ಟು ಕೆಳಗೆ ಜರುಗಿಸುತ್ತಿದ್ದೆ. ಮರುದಿನ ಹೋದದ್ದನ್ನು ವಾಪಸು ತರಲು ಎರಡರಷ್ಟು ಕೊಳ್ಳುತ್ತಿದ್ದೆ.

ಷೇರು ಖಾತೆಯಲ್ಲಿದ್ದದ್ದು ಮಗಳ ಮದುವೆ ಸೀರೆಯ ದುಡ್ಡು. ಸುಜಾತಳ ತಮ್ಮ ಮಲ್ಲಿಕಾರ್ಜುನ ಮೊಳಕಾಲ್ಮೂರಿನ ತನ್ನ ಮನೆಯ ಮಗ್ಗದಲ್ಲಿ ಆ ಸೀರೆಯನ್ನು ನೇಯುತ್ತಿದ್ದ. ಕರಗಿ ಉಳಿದದ್ದನ್ನು ನೋಡಿ ಸುಜಾತ ಕೂಗಾಡಲಿಲ್ಲ.

"ಅಲ್ರೀ, ದಿನಾ ಕೀಳೋದಾದ್ರೆ ಆ ಮಿತಿ ಯಾಕ್ ಇಡ್ತೀರಿ? ಇನ್ನೊಂದ್ ಸಲ ಜರುಗಿಸಿದ್ರೆ ಫೋನು ನನ್ ಹತ್ರ."

ಮಂಗಳವಾರವೋ ಗುರುವಾರವೋ, ಸೀರೆ ನೋಡಲು ಬಸ್ಸು ಹತ್ತಿದೆವು. ಅವಳೆದುರಿಗೇ ಷೇರು ಕೊಂಡು ಮಿತಿ ಹಾಕಿದೆ. ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಕೊಂಡ್ಲಹಳ್ಳಿ ದಾಟಿದ ಮೇಲೆ ಬೆಲೆ ಮಿತಿಯ ಹತ್ತಿರ ಬಂತು. ಒಂದೇ ಒಂದು ರೂಪಾಯಿ ಕೆಳಗಿಡೋಣ ಎಂದು ಬೆರಳು ಎತ್ತುವಷ್ಟರಲ್ಲಿ ಸಿಗ್ನಲ್ ಹೋಯಿತು, ಹಿಂದೆಯೇ ಟೈರೂ ಹೋಯಿತು. ಸುಜಾತಳಿಗೆ ಎಚ್ಚರವಾಗಲಿಲ್ಲ. ಇಳಿದು ಬಂಡೆಯೊಂದರ ಮೇಲೆ ಮೊಣಕಾಲೂರಿ ಹತ್ತಿ ಫೋನನ್ನು ಆಕಾಶಕ್ಕೆ ಹಿಡಿದೆ.

"ಏನ್ ಸಾರ್, ಆರತಿ ಎತ್ತಿದಂಗೆ ಎತ್ತೀರಿ," ಎಂದ ಕಂಡಕ್ಟರು, ತೆಲುಗು ಬೆರೆಸಿ. "ಇಲ್ಲಿ ಟವರ್ ಲೇದು. ಇಳೀರಿ, ಬಿದ್ದೀರಿ."

ಮೊಳಕಾಲ್ಮೂರಿನಲ್ಲಿ ಸಿಗ್ನಲ್ ಬಂದಾಗ ಷೇರು ಮಿತಿಯಲ್ಲಿಯೇ ಮಾರಾಟವಾಗಿತ್ತು. ಬೆಲೆ ಆಮೇಲೆ ಪಾತಾಳಕ್ಕೆ ಇಳಿದಿತ್ತು. ಅಳಿದುಳಿದ ಸೀರೆಯ ದುಡ್ಡಿನಲ್ಲಿ ಚೂರು ಮಾತ್ರ ಹೋಗಿತ್ತು.

"ಜರುಗಿಸಲಿಲ್ವಾ?" ಎಂದಳು ಸುಜಾತ. ಇಲ್ಲ ಎಂದೆ. ಅಷ್ಟು ನಿಜವಾದ ಮಾತನ್ನು ನಾನು ಅವಳಿಗೆ ಹೇಳಿ ಬಹಳ ಕಾಲವಾಗಿತ್ತು.

ಮಗ್ಗದ ಮನೆಯಲ್ಲಿ ಅವಳು ತಮ್ಮನಿಗೆ, "ನಿಮ್ ಭಾವ ಬದಲಾಗ್ಯಾರೆ ಕಣೋ," ಎಂದಳು. ಅವನು ಕೈ ನಿಲ್ಲಿಸಿ ಗೌರವದಿಂದ ನನ್ನನ್ನು ನೋಡಿದ. ಅಷ್ಟು ಸಾಕಾಯಿತು. ಎಷ್ಟು ಕಳೆದುಕೊಳ್ಳಬಹುದು ಎಂದು ಕೊಳ್ಳುವ ಮೊದಲೇ ತೀರ್ಮಾನಿಸಬೇಕು, ಆಮೇಲೆ ಮುಟ್ಟಬಾರದು, ಸೋತ ದಿನ ಸೇಡು ತೀರಿಸಿಕೊಳ್ಳಲು ಮತ್ತೆ ಕೊಳ್ಳಬಾರದು ಎಂದು ಅರ್ಧ ಸೀರೆಯೆದುರು ಕೂತು ಭಾಷಣ ಮಾಡಿದೆ. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಹೇಳಿದವನನ್ನು ಬಿಟ್ಟರೆ.

"ನಿಮ್ಗೆ ಇನ್ನು ದಾರೀಲೂ ತೊಂದ್ರೆ ಇಲ್ಲ ಭಾವ," ಎಂದ ಮಲ್ಲಿಕಾರ್ಜುನ ಪ್ರೀತಿಯಿಂದ. "ಗುಡ್ಡದ್ ಮ್ಯಾಲೆ ಟವರ್ ಹಾಕ್ತಾರಂತೆ."

"ಯಾವ ಗುಡ್ಡ?" ಎಂದಳು ಸುಜಾತ.

"ಕೊಂಡ್ಲಹಳ್ಳಿ ದಾಟಿದ್ ಮ್ಯಾಲೆ ಐತಲ್ಲಕ್ಕ. ಈಗ ಅಲ್ಲಿ ಒಂದ್ ಫೋನೂ ಹತ್ತಲ್ಲ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಪ್ಯಾಂಟಿನ ಮೊಣಕಾಲಿನ ಮಣ್ಣು ನೋಡಿದಳು. ಕೈ ಚಾಚಿದಳು. ಫೋನು ಕೊಟ್ಟೆ.

ಈಗ ಬೆಳಿಗ್ಗೆ ಕೊಂಡು, ಮಿತಿ ಹಾಕಿ, ಫೋನನ್ನು ಅವಳಿಗೊಪ್ಪಿಸಿ ಮಿಲ್ಲಿಗೆ ಹೋಗುತ್ತೇನೆ. ನಷ್ಟ ನಿಂತಿಲ್ಲ, ಆದರೆ ಸಣ್ಣದಾಗಿದೆ. ಮಿಲ್ಲಿನವರು, "ಬೆಲೆ ನೋಡಾಕೂ ಹೋಗಲ್ವಲ್ಲ ಸಾರ್, ಎಂಥಾ ಶಿಸ್ತು ನಿಮ್ದು," ಎನ್ನುತ್ತಾರೆ. ನಾನು ಬರಿಗೈ ಜೇಬಿನಲ್ಲಿಟ್ಟುಕೊಂಡು ವಿನಯದಿಂದ ನಗುತ್ತೇನೆ.