ಭಾವನ ಕಾರಿನ ಹೊಳಪು

ಕಾರು ಇರುವ ಮನೆಯಲ್ಲಿ ನಗೆಪಾಟಲಿಗೆ ಬರವಿಲ್ಲ. ಮಂಡ್ಯದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ನಮ್ಮ ಭಾವ, ಎಂದರೆ ಅಕ್ಕನ ಗಂಡ, ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಒಂದು ಕರೀ ಕಾರು ಕೊಂಡರು. ಗಿರಣಿ ಕೆಲಸಕ್ಕೆಂದು ನಾನೂ ಅವರ ಮನೆಯಲ್ಲೇ ಇದ್ದೆ. ಕಾರು ಓಡಬೇಕು ಅನ್ನುವ ಆಸೆ ಭಾವನಿಗೆ ಅಷ್ಟಿರಲಿಲ್ಲ. ಹೊಳೆಯಬೇಕು, ಅಷ್ಟೆ. ಅಕ್ಕನ ಮುಖ ನೋಡಲು ಪುರುಸೊತ್ತಿಲ್ಲದ ಮನುಷ್ಯ ದಿನಾ ಬೆಳಿಗ್ಗೆ ಪಂಚೆ ಎತ್ತಿಕಟ್ಟಿ ಅದರ ಮೂತಿ ಉಜ್ಜುತ್ತಿದ್ದರು. ಇಂಥವರ ಜೊತೆ ಇದ್ದ ಮೇಲೆ ಏನೇನು ನೋಡಬೇಕೋ ಎಲ್ಲ ನೋಡಿದೆ.

ಹೇಳಿದ ಕಡೆ ಬಿಟ್ಟದ್ದು

ಮಳವಳ್ಳಿಯಲ್ಲಿ ನೆಂಟರ ಮದುವೆ. ರೈಲಿನಲ್ಲಿ ಬಂದಿಳಿದ ನಿವೃತ್ತ ಅಮಲ್ದಾರರೊಬ್ಬರನ್ನು ಮದ್ದೂರು ಸ್ಟೇಷನ್ನಿನಿಂದ ನಾವೇ ಕರೆದುಕೊಂಡು ಹೋಗಬೇಕಿತ್ತು. ರುಮಾಲು, ಉದ್ದ ಕೋಟು, ಕಾಲಲ್ಲಿ ಕಿರುಗುಟ್ಟುವ ಬೂಟು. ಬೂಟಿನ ಮಣ್ಣು ನೋಡಿದ್ದೇ ಭಾವನ ಮುಖ ಹುಳ್ಳಗಾಯಿತು. ಒಳಗೆ ಹೊಸ ಜಮಖಾನ ಹಾಸಿದೆ, ದಯವಿಟ್ಟು ಬೂಟು ಬಿಚ್ಚಿ ಹತ್ತಬೇಕು ಅಂದರು. ಅಮಲ್ದಾರರು ಬಿಚ್ಚಿ ಹತ್ತಿದರು. ನಾನು ಮುಂದೆ ಕೂತಿದ್ದವನು ತಿರುಗಿ ನೋಡಲಿಲ್ಲ.

ಮಳವಳ್ಳಿ ಚಪ್ಪರದ ಮುಂದೆ ಓಲಗದವರು ಊದುತ್ತಿರುವಾಗ ಅಮಲ್ದಾರರು ಬರೀ ಕಾಲುಚೀಲದಲ್ಲಿ ಸುಡುವ ನೆಲಕ್ಕೆ ಇಳಿದರು. ಬೂಟೆಲ್ಲಿ ಅಂತ ಭಾವ ಗಾಬರಿಯಿಂದ ಕೇಳಿದರು.

"ನೀವು ಹೇಳಿದ ಕಡೆಯೇ ಬಿಟ್ಟಿದ್ದೀನಲ್ಲ, ಮದ್ದೂರಲ್ಲಿ" ಅಂದರು ಅಮಲ್ದಾರರು.

ಹರಳೆಣ್ಣೆ

ಯುದ್ಧ ಬಂತು, ಕಾರಿಗೆ ಬಳಿಯುವ ಪಾಲಿಷ್ ಡಬ್ಬಿ ಅಂಗಡಿಯಿಂದ ಮಾಯವಾಯಿತು. ಭಾವನಿಗೆ ಊಟ ಸೇರಲಿಲ್ಲ. ಕೊನೆಗೆ ಒಂದು ದಿನ, ಕೂದಲು ಬೋಳಿಸಿದ ಎಮ್ಮೆಗೆ ಹರಳೆಣ್ಣೆ ಹಚ್ಚಿದರೆ ಹೇಗೆ ಮಿಂಚುತ್ತದೆ ಅನ್ನುವುದು ಹೊಳೆಯಿತು. ಬುದ್ಧಿ ಹೊಳೆದ ಮೇಲೆ ಕಾರು ಹೊಳೆಯದೆ ಇರುತ್ತದೆಯೇ? ಅಕ್ಕನ ಎಣ್ಣೆ ಡಬರಿ ಖಾಲಿಯಾಯಿತು. ಕಾರು ನಿಜವಾಗಿಯೂ ಮಿಂಚಿತು. ಅದನ್ನು ನಾಲ್ಕು ಜನರಿಗೆ ತೋರಿಸಬೇಕಲ್ಲ ಅಂತ ಮಳವಳ್ಳಿ ಕಡೆ ಮಣ್ಣುರಸ್ತೆಯಲ್ಲಿ ಓಡಿಸಿಕೊಂಡು ಹೋದರು. ಸಂಜೆ ಹಿಂದಿರುಗಿದಾಗ ಅದು ಹಿಟ್ಟಿನಲ್ಲಿ ಹೊರಳಿಸಿದ ಕಡುಬಿನ ಹಾಗಿತ್ತು. ನೀರು ಎರಚಿದರೆ ಜಾರುತ್ತದೆ, ಉಜ್ಜಿದರೆ ಗೀಚುತ್ತದೆ. ಭಾವ ತಲೆ ಮೇಲೆ ಕೈ ಹೊತ್ತು ಕೂತರು.

ಅಕ್ಕ ಬಾಗಿಲಲ್ಲಿ ನಿಂತು ನೋಡಿ ಹೇಳಿದಳು: "ಎಮ್ಮೆಯಾಗಿದ್ರೆ ಕೆರೆಗಾದ್ರೂ ಅಟ್ಬೋದಿತ್ತು."

ಜರಿ ಶಾಲು

ಆಮೇಲೆ ಪೆಟ್ರೋಲಿಗೂ ಕತ್ತರಿ ಬಿತ್ತು. ಎಲ್ಲರ ಹಾಗೆ ಭಾವನೂ ಕಾರಿನ ಬೆನ್ನಿಗೆ ಇದ್ದಿಲು ಉರಿಸಿ ಅದರ ಗ್ಯಾಸಿನಲ್ಲಿ ಕಾರು ಓಡಿಸುವ ದೊಡ್ಡ ಪೀಪಾಯಿ ಕಟ್ಟಿಸಬೇಕಾಯಿತು. ಬಚ್ಚಲ ಹಂಡೆ ಹೊತ್ತು ಹೊರಟ ಹಾಗೆ ಕಾಣುತ್ತದೆ ಅಂತ ಅವರಿಗೆ ನಾಚಿಕೆ. ಅದಕ್ಕೆ ಮದುವೆಯ ಜರಿ ಶಾಲು ಹೊದಿಸಿದರು. ಒಲೆಗೆ ಶಾಲು ಹೊದಿಸಬೇಡಿ ಭಾವ ಅಂದೆ. ನಿನಗೆ ಅಂದಚೆಂದ ಏನು ಗೊತ್ತು ಅಂದರು.

ಗೆಜ್ಜಲಗೆರೆ ಹತ್ತಿರ ಶಾಲು ಹೊತ್ತಿಕೊಂಡಿತು. ಗದ್ದೆಯಲ್ಲಿದ್ದ ರೈತನೊಬ್ಬ ಓಡಿ ಬಂದು ಬೊಗಸೆ ಬೊಗಸೆ ಕೆಸರು ಎರಚತೊಡಗಿದ. ಭಾವ ಅಡ್ಡ ನಿಂತು, ಕೆಸರು ಬೇಡ, ಬಣ್ಣ ಹಾಳಾಗುತ್ತದೆ ಅಂದರು.

ಆ ರೈತ ಕೈಯಲ್ಲಿ ಕೆಸರು ಹಿಡಿದುಕೊಂಡೇ ಕೇಳಿದ: "ಕಾರೇ ಉರ್ದೋದ್ರೆ ಬಣ್ಣ ಯಾತುಕ್ ಬಳೀತೀರಿ ಸಾಮಿ?"

ಬಸಪ್ಪನ ಅಪ್ಪಣೆ

ಯುದ್ಧ ಮುಗಿಯಿತು. ಪೀಪಾಯಿ ಕಳಚಿ, ಮೈಸೂರಿನಲ್ಲಿ ಹೊಸ ಬಣ್ಣ ಹೊಡೆಸಿದರು. ಬಾಗಿಲಲ್ಲಿ ಮುಖ ನೋಡಿ ಮೀಸೆ ಕತ್ತರಿಸಿಕೊಳ್ಳಬಹುದು ಅನ್ನುವುದು ಭಾವನ ಜಂಬ. ದೊಡ್ಡ ಮಗಳ ಸಂಬಂಧ ಮಾತಾಡಲು ಮದ್ದೂರಿನ ಪಕ್ಕದ ಹಳ್ಳಿಗೆ ಅದರಲ್ಲೇ ಹೋದೆವು. ಗಂಡಿನ ಕಡೆಯವರು ಇನ್ನೂ ಹೂಂ ಅಂದಿರಲಿಲ್ಲ. ಕಾರು ನೋಡಿದರೆ ತಾವಾಗಿ ಅಂತಾರೆ ಅಂತ ಭಾವನ ಲೆಕ್ಕಾಚಾರ.

ಎಲ್ಲರೂ ಜಗಲಿ ಮೇಲೆ ಮಜ್ಜಿಗೆ ಕುಡಿಯುತ್ತಿದ್ದಾಗ ಆ ಊರಿನ ಬಸಪ್ಪ ಬಂದ. ಬಸಪ್ಪ ಅಂದರೆ ದೇವರಿಗೆ ಬಿಟ್ಟ ಹೋರಿ, ಊರೆಲ್ಲ ಅವನದೇ. ಕಾರಿನ ಬಾಗಿಲಲ್ಲಿ ಇನ್ನೊಂದು ಹೋರಿ ಕಂಡಿತು. ಗುಟುರು ಹಾಕಿದ. ಅದೂ ತಲೆ ತಗ್ಗಿಸಿತು. ಬಿಡುತ್ತಾನೆಯೇ, ಗುದ್ದಿದ. ಭಾವ ಕೊಡೆ ಎತ್ತಿಕೊಂಡು ನುಗ್ಗಿದರು.

ಗಂಡಿನ ತಂದೆ ಅವರ ಕೈ ಹಿಡಿದರು. "ಬಸಪ್ಪನ್ ಮೇಲೆ ಕೊಡೆ ಬಿದ್ರೆ ಈ ಸಂಬಂಧ ಇಲ್ಲಿಗೇ ಬುಟ್ಟಂಗೆ ಕಣಪ್ಪ."

ಭಾವ ಕೊಡೆ ಇಳಿಸಿದರು. ಕೈ ಮುಗಿದು ನಿಂತು, ಒಂದೊಂದು ಗುದ್ದಿಗೂ ತಾವೇ ತಿಂದವರ ಹಾಗೆ ಕಣ್ಣು ಮುಚ್ಚುತ್ತಿದ್ದರು. ಬಾಗಿಲು ತಗ್ಗಿ ತಟ್ಟೆಯಾಗಿ, ಎದುರಾಳಿ ಕಾಣದಂತಾದ ಮೇಲೆ ಬಸಪ್ಪ ಗಂಭೀರವಾಗಿ ಹೊರಟುಹೋದ. ಊರ ಹಿರಿಯರು, ಅಪ್ಪಣೆ ಆಯ್ತು ಅಂದರು. ಹೆಂಗಸರು ಬಂದು ತಗ್ಗಿಗೆ ಅರಿಶಿನ ಕುಂಕುಮ ಹಚ್ಚಿದರು. ಅಲ್ಲೇ ತಾಂಬೂಲ ಬದಲಾಯಿತು. ಬಸಪ್ಪನ ಗುರುತು ತಟ್ಟಿ ಸರಿಮಾಡಿಸಬಾರದು ಅಂತ ಬೀಗರ ಕಟ್ಟುನಿಟ್ಟು.

ಭಾವ ಮನೆಗೆ ಬಂದು, ಸಂಬಂಧ ಕೂಡಿದ್ದನ್ನು ಸಾವಿನ ಸುದ್ದಿ ಹೇಳುವವರ ಹಾಗೆ ಹೇಳಿ, ಈ ಕಾರಿನಲ್ಲಿ ಹೋಗಿ ಚಿಕ್ಕ ಮಗಳಿಗೆ ಗಂಡು ಹುಡುಕುವುದು ಇನ್ನು ಹೇಗೋ ಏನೋ ಅಂತ ನಿಟ್ಟುಸಿರು ಬಿಟ್ಟರು.

ಅಕ್ಕ ಹೊರಗೆ ಬಂದು ಕಾರನ್ನು ಒಂದು ಸುತ್ತು ಹಾಕಿದಳು.

"ಯಾಕ್ ಯೋಚ್ನೆ ಮಾಡ್ತೀರಿ? ಇನ್ನೊಂದ್ ಕಡೆ ಬಾಗ್ಲು ಚೆನ್ನಾಗೇ ಐತಲ್ಲ."